ಮೂರು ಅಂತ ಬರೆದುಕೊಳ್ಳಿ

ನೋವಿಗೆ ಅಂಕ ಕೊಡಬೇಕು ಎಂದಾಗ ವೀರಮ್ಮನಿಗೆ ಮೊದಲ ದಿನ ನಗು ಬಂದಿತ್ತು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಜೀವ ಹೋಗುವಷ್ಟು. ಯಂತ್ರದ ತಂತಿ ಸಿಕ್ಕಿಸುವ ಮುಂಚೆ ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ ಹೇಳಬೇಕು.

"ಹೆರಿಗೆ ನೋವಿಗೆ ಎಷ್ಟು ಹಾಕ್ತೀಯವ್ವಾ?" ಎಂದು ಅವಳು ಡಾಕ್ಟರ್ ದಿವ್ಯಾಳನ್ನು ಕೇಳಿದಳು.

"ನಂಗಿನ್ನೂ ಗೊತ್ತಿಲ್ಲ ವೀರಮ್ಮ. ನೀವೇ ಹೇಳ್ಬೇಕು," ಎಂದು ಆ ಹುಡುಗಿ ನಕ್ಕಳು.

ಮೊಳಕಾಲ್ಮೂರಿನಲ್ಲಿ ವೀರಮ್ಮನ ಕೈ ಎಂದರೆ ಹೆಸರುವಾಸಿ. ಹನ್ನೆರಡನೇ ವಯಸ್ಸಿಗೆ ಮಗ್ಗಕ್ಕೆ ಕೂತವಳು, ಮೂವತ್ತೆಂಟರವರೆಗೆ ಎದ್ದಿರಲಿಲ್ಲ. ಅಂಚು ನೋಡಿಯೇ ಇದು ವೀರಮ್ಮ ನೇಯ್ದ ಸೀರೆ ಎಂದು ಹೇಳುವವರಿದ್ದರು. ಒಂದು ಮಧ್ಯಾಹ್ನ ಗಂಡ ಬೋರಣ್ಣನ ಬೈಕಿನ ಹಿಂದೆ ಕೂತು ಚಳ್ಳಕೆರೆಗೆ ಹೊರಟಿದ್ದಳು. ಬಿ.ಜಿ. ಕೆರೆ ದಾಟಿ ಸ್ವಲ್ಪ ದೂರಕ್ಕೆ ಕುರಿಹಿಂಡು ಅಡ್ಡ ಬಂತು. ಬೋರಣ್ಣನಿಗೆ ಮೊಣಕೈ ತರಚಿತು, ಅವಳ ಕತ್ತಿನ ಮೂಳೆ ಮುರಿಯಿತು. ಅಂದಿನಿಂದ ಕತ್ತಿನ ಕೆಳಗೆ ಅವಳದು ಎನ್ನುವಂಥದ್ದು ಏನೂ ಉಳಿಯಲಿಲ್ಲ.

ನೋವೊಂದನ್ನು ಬಿಟ್ಟು. ಅದೇ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸೂಜಿ ಚುಚ್ಚಿದರೆ ಗೊತ್ತಾಗದ ಕೈ ಉರಿಯುವುದು ಹೇಗೆ? ಆದರೆ ಉರಿಯುತ್ತಿತ್ತು, ರೇಷ್ಮೆಗೂಡು ಬೇಯಿಸುವ ಕುದಿನೀರಿನಲ್ಲಿ ಯಾರೋ ಅವಳ ಎರಡೂ ಅಂಗೈಯನ್ನು ಅದ್ದಿ ಹಿಡಿದ ಹಾಗೆ. "ಸತ್ತ ಕೈಗೆ ಎಲ್ಲಿಂದ ಬರ್ತೈತೆ ನೋವು?" ಎಂದು ನೋಡಲು ಬಂದ ನೆಂಟರು ಹುಬ್ಬೇರಿಸುತ್ತಿದ್ದರು. ಮಾತ್ರೆ ನುಂಗಿದರೆ ಮಂಕು ಕವಿಯುತ್ತಿತ್ತೇ ಹೊರತು ಉರಿ ಇಳಿಯುತ್ತಿರಲಿಲ್ಲ. ಹೇಗೋ ಹಲ್ಲು ಕಚ್ಚಿಕೊಂಡು ನಾಲ್ಕು ವರ್ಷ ಕಳೆದಿದ್ದಳು.

ಆಗ ಬಂದವರು ಈ ಸಂಶೋಧನಾ ಸಂಸ್ಥೆಯವರು. ಕುದಾಪುರದ ಕಡೆ ರಸ್ತೆ ಬದಿಯ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದಿದ್ದರು. ಮೆದುಳಿನ ಮೇಲೆ ಉಗುರಿನಷ್ಟಗಲದ ಚಿಪ್ ಒಂದನ್ನು ಕೂರಿಸುತ್ತಾರೆ, ಅದರ ತಂತಿ ಕಂಪ್ಯೂಟರಿಗೆ. ಕೈ ಆಡಿಸಬೇಕೆಂದು ಮನಸ್ಸು ಮಾಡಿದರೆ ಕಂಪ್ಯೂಟರು ಅದನ್ನು ಓದಿಕೊಂಡು ಮೇಜಿನ ಮೇಲಿನ ಉಕ್ಕಿನ ಕೈಯನ್ನು ಆಡಿಸುತ್ತದೆ. ಇನ್ನೂ ಪ್ರಯೋಗದ ಹಂತ. ಒಪ್ಪಿಗೆ ಪತ್ರವನ್ನು ದಿವ್ಯಾ ಕನ್ನಡದಲ್ಲೇ ಓದಿ ಹೇಳಿದಳು. ಅದರಲ್ಲಿ ಎರಡು ಮಾತು ವೀರಮ್ಮನಿಗೆ ನೆನಪುಳಿದವು. ಪ್ರಯೋಗದಿಂದ ತೊಂದರೆಯಾದರೆ ಸಂಸ್ಥೆಯೇ ಚಿಕಿತ್ಸೆ ಕೊಡಿಸುತ್ತದೆ. ನೋವು ಏಳು ದಾಟಿದರೆ ಅವಳನ್ನು ಪ್ರಯೋಗದಿಂದ ಕೈಬಿಡಲಾಗುತ್ತದೆ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ವಾರಕ್ಕೆ ಮೂರು ದಿನ ವ್ಯಾನು ಮನೆ ಬಾಗಿಲಿಗೇ ಬಂದು ಕರೆದೊಯ್ಯುತ್ತಿತ್ತು.

"ಲೋಟ ಹಿಡೀತಿದ್ದೀನಿ ಅಂತ ಅಂದ್ಕೊಳ್ಳಿ," ಎಂದು ದಿವ್ಯಾ ಹೇಳಿಕೊಟ್ಟಳು. ಎರಡು ವಾರ ಅಂದುಕೊಂಡರೂ ಉಕ್ಕಿನ ಕೈ ಮಿಸುಕಲಿಲ್ಲ. ಒಂದು ದಿನ ವೀರಮ್ಮ ಬೇಸತ್ತು ಲೋಟದ ಯೋಚನೆ ಬಿಟ್ಟು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಮಗ್ಗಕ್ಕೆ ಕೂತಳು. ಬಲಗೈಯಿಂದ ಲಾಳಿ ಎಸೆದಳು.

ಕೈ ಆಡಿತು. ದಿವ್ಯಾ ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದಳು.

ಆದರೆ ಅದೇ ಗಳಿಗೆಯಲ್ಲಿ ವೀರಮ್ಮನ ಅಂಗೈಯಿಂದ ಹೆಗಲವರೆಗೆ ಬೆಂಕಿ ಹತ್ತಿತು. ಮತ್ತೆ ಎಸೆದಳು, ಮತ್ತೆ ಹತ್ತಿತು. ಕೈಯನ್ನು ಆಡಿಸಿದ್ದೂ ಉರಿಯನ್ನು ಎಬ್ಬಿಸಿದ್ದೂ ಒಂದೇ ಮನಸ್ಸು. ಒಂದನ್ನು ಬಿಟ್ಟು ಇನ್ನೊಂದನ್ನು ಕರೆಯುವ ದಾರಿ ಇರಲಿಲ್ಲ.

ತಂತಿ ಬಿಚ್ಚಿ ದಿವ್ಯಾ ಕೇಳಿದಳು: "ನೋವು ಎಷ್ಟಿದೆ ವೀರಮ್ಮ?"

ಒಂಬತ್ತು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಉಕ್ಕಿನ ಕೈ ಬೆರಳು ಬಿಚ್ಚಿಕೊಂಡು ನಿಂತಿತ್ತು. ಒಂಬತ್ತು ಎಂದರೆ ಇನ್ನು ವ್ಯಾನು ಬರುವುದಿಲ್ಲ.

"ಮೂರು," ಎಂದಳು ವೀರಮ್ಮ. "ಮೂರು ಅಂತ ಬರ್ಕೊಳ್ಳವ್ವ."

ದಿವ್ಯಾ ಅವಳ ಹಣೆಯನ್ನೇ ನೋಡಿದಳು. ಹತ್ತಿ ತೆಗೆದುಕೊಂಡು, ಕಿವಿಯ ಪಕ್ಕ ಇಳಿಯುತ್ತಿದ್ದ ಬೆವರನ್ನು ಒರೆಸಿದಳು. ಆಮೇಲೆ ಮೂರು ಎಂದು ಬರೆದಳು.

ಐದನೇ ತಿಂಗಳಿಗೆ ವೀರಮ್ಮ ತಾನೇ ಟೀ ಕುಡಿದಳು. ಅಷ್ಟು ವರ್ಷ ಬೇರೆಯವರು ಕುಡಿಸಿದ್ದು. ಒಂದೋ ನಾಲಿಗೆ ಸುಡುತ್ತಿತ್ತು, ಇಲ್ಲವೇ ಆರಿ ತಣ್ಣಗಾಗಿರುತ್ತಿತ್ತು. ಈಗ ತನಗೆ ಬೇಕೆನ್ನಿಸಿದಾಗ ಒಂದು ಗುಟುಕು, ಸಾಕೆನ್ನಿಸಿದಾಗ ಕೆಳಗಿಡುವುದು. ಲೋಟ ಇಟ್ಟ ಮೇಲೆ ಅವಳು ಉಕ್ಕಿನ ಕೈಯನ್ನು ನಿಧಾನಕ್ಕೆ, ಆ ದಿನ ಜೊತೆಗೆ ಬಂದಿದ್ದ ಬೋರಣ್ಣನ ಕಡೆ ಚಾಚಿ, ಅವನ ಅಂಗಿಯ ಕಾಲರಿಗೆ ಅಂಟಿದ್ದ ರೇಷ್ಮೆ ಎಳೆಯೊಂದನ್ನು ಕಿತ್ತಳು. ಬೋರಣ್ಣ ಗೋಡೆಗೆ ಮುಖ ಮಾಡಿ ಮಗುವಿನ ಹಾಗೆ ಅತ್ತ. ಯಾರೋ ಫೋಟೊ ತೆಗೆದರು. ವೀರಮ್ಮ ನಗುತ್ತಿದ್ದಳು.

ಆ ದಿನದ ನೋವೂ ಮೂರೇ.

ಮೊದಮೊದಲು ವ್ಯಾನು ಬಿ.ಜಿ. ಕೆರೆಗೆ ಬರುವಷ್ಟರಲ್ಲಿ ಉರಿ ಇಳಿಯುತ್ತಿತ್ತು. ಆಮೇಲೆ ಮನೆ ಸೇರಿದರೂ ಇಳಿಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಇಳಿಯುವುದನ್ನೇ ಮರೆಯಿತು. ಮನಸ್ಸಿಗೆ ಅಭ್ಯಾಸವಾಗಿಬಿಟ್ಟಿತ್ತು, ಪಕ್ಕದ ಮನೆಯ ಮಗ್ಗದ ಸದ್ದು ಕೇಳಿದರೆ ಸಾಕು, ಬೇಡ ಬೇಡವೆಂದರೂ ಒಳಗೊಳಗೇ ಲಾಳಿ ಓಡುತ್ತಿತ್ತು, ಕೈ ಹೊತ್ತಿ ಉರಿಯುತ್ತಿತ್ತು. "ಯಾಕೆ, ಕಣ್ಣಿಗೆ ನಿದ್ದೆ ಇಲ್ವಾ?" ಎಂದು ಬೋರಣ್ಣ ಕೇಳಿದರೆ ಸೊಳ್ಳೆ ಎನ್ನುತ್ತಿದ್ದಳು. ದಿವ್ಯಾ ಕೇಳಿದರೆ ಮೂರು ಎನ್ನುತ್ತಿದ್ದಳು.

ಎರಡು ವರ್ಷ ತುಂಬುವ ಹೊತ್ತಿಗೆ ಹೊರದೇಶದಿಂದ ಬರುತ್ತಿದ್ದ ನೆರವು ನಿಂತಿತು. ಒಂದು ಬುಧವಾರ ವೀರಮ್ಮ ಹೋದಾಗ ಉಕ್ಕಿನ ಕೈಯನ್ನು ಥರ್ಮೋಕೋಲಿನ ನಡುವೆ ಇಟ್ಟು ಪೆಟ್ಟಿಗೆಗೆ ಇಳಿಸುತ್ತಿದ್ದರು. ತಲೆಯಲ್ಲಿರುವುದನ್ನು ತೆಗೆಯಲು ಮತ್ತೆ ಆಪರೇಷನ್ ಬೇಕು, ಸದ್ಯಕ್ಕೆ ಹಾಗೇ ಇರಲಿ ಎಂದರು. ತಂತಿ ಸಿಕ್ಕಿಸುವ ತೂತಿಗೆ ಒಂದು ಮುಚ್ಚಳ ಹಾಕಿ ಕಳಿಸಿದರು.

ಕೈ ಹೋಯಿತು, ಉರಿ ಉಳಿಯಿತು. ಹದಿನೈದು ದಿನ ತಡೆದ ವೀರಮ್ಮ ಕೊನೆಗೆ ಬೋರಣ್ಣನೆದುರು ಕೂಗಿಕೊಂಡಳು. ಅವನು ಬಾಡಿಗೆ ಕಾರು ಮಾಡಿ, ಅವಳನ್ನು ಎತ್ತಿ ಕೂರಿಸಿಕೊಂಡು ಸಂಸ್ಥೆಯ ಮುಖ್ಯಸ್ಥರ ಮುಂದೆ ಹೋಗಿ ನಿಂತ.

"ನಿಮ್ಮ ಮಿಷನ್ನಿಂದ್ಲೇ ನೋವು ಜಾಸ್ತಿ ಆಗೈತೆ ಸಾರ್. ತೊಂದ್ರೆ ಆದ್ರೆ ನಾವೇ ನೋಡ್ಕೊಂತೀವಿ ಅಂತ ಬರ್ದೀರಲ್ಲ?"

ಮುಖ್ಯಸ್ಥರು ಒರಟರಲ್ಲ. ಕುರ್ಚಿ ಹಾಕಿಸಿದರು, ನೀರು ತರಿಸಿದರು, ಫೈಲು ತೆರೆದು ಹಾಳೆ ಹಾಳೆಯನ್ನೂ ತಿರುವಿದರು. "ನೋಡಿ ಬೋರಣ್ಣ, ಎರಡು ವರ್ಷ ಮೂರರ ಮೇಲೆ ಹೋಗೇ ಇಲ್ಲ. ಜಾಸ್ತಿ ಆಗಿದ್ದು ನಮ್ಮ ಕೆಲಸ ನಿಂತ ಮೇಲೆ. ಇದನ್ನ ನಮ್ಮಿಂದ ಆಯ್ತು ಅಂತ ಹೇಗೆ ಹೇಳಲಿ?"

"ಸುಳ್ಳು ಹೇಳಿದ್ದೆ ಸಾರ್," ಎಂದಳು ವೀರಮ್ಮ. "ಬಿಟ್ಬಿಡ್ತೀರ ಅಂತ ಭಯಕ್ಕೆ ಸುಳ್ಳು ಹೇಳಿದ್ದೆ."

"ಆಗ ಹೇಳಿದ್ದು ಸುಳ್ಳು, ಈಗ ಹೇಳೋದು ನಿಜ ಅಂತ ನಾನು ಯಾವ ಆಧಾರದ ಮೇಲೆ ಬರೀಲಿ, ಹೇಳಿ?"

ವೀರಮ್ಮ ದಿವ್ಯಾಳ ಕಡೆ ನೋಡಿದಳು. ಮೂಲೆಯಲ್ಲಿ ಅವಳು ತಲೆ ತಗ್ಗಿಸಿ ನಿಂತಿದ್ದಳು. ತುಟಿ ಬಿಚ್ಚಲಿಲ್ಲ.

ವಾಪಸು ಬರುವಾಗ ಬೋರಣ್ಣ ಅವಳನ್ನು ತೋಳಿಗೆ ಒರಗಿಸಿಕೊಂಡು ಕೂತಿದ್ದ. ಊರು ಹತ್ತಿರ ಬಂದಾಗ, "ಅವ್ರಿಗೆ ಹೇಳಿದ್ದು ಹೋಗ್ಲಿ. ನನಗೂ ಸೊಳ್ಳೆ ಅಂದ್ಯಲ್ಲೇ," ಎಂದ.

"ನಿಂಗೆ ಹೇಳಿದ್ರೆ ನೀನೇ ಬಿಡಿಸ್ತಿದ್ದೆ."

"ಹೂಂ, ಬಿಡಿಸ್ತಿದ್ದೆ," ಎಂದು ಬೋರಣ್ಣ ಕಿಟಕಿಯ ಕಡೆ ತಿರುಗಿಕೊಂಡ.

ತಿಂಗಳಾದ ಮೇಲೆ ದಿವ್ಯಾ ಒಬ್ಬಳೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದಳು. ಒಂದು ಕವರಿನ ತುಂಬ ಸೇಬು ತಂದಿದ್ದಳು. ಕೂತು, ಎದ್ದು, ಮತ್ತೆ ಕೂತು ಕೊನೆಗೆ ಚೀಲದಿಂದ ಒಂದು ಹಾಳೆ ತೆಗೆದಳು. ಪ್ರಯೋಗದ ಬಗ್ಗೆ ದೊಡ್ಡ ಪತ್ರಿಕೆಯೊಂದರಲ್ಲಿ ಲೇಖನ ಬರಲಿದೆಯಂತೆ. ಟೀ ಕುಡಿಯುವ ಫೋಟೊ ಹಾಕಲು ಒಪ್ಪಿಗೆ ಬೇಕಂತೆ.

ವೀರಮ್ಮ ಆ ಹಾಳೆಯತ್ತ ನೋಡಲೂ ಇಲ್ಲ. "ಆ ದಿನ ನನ್ನ ಬೆವರು ಒರೆಸ್ದೆಯಲ್ಲವ್ವ," ಎಂದಳು. "ಕೋಣೆ ತುಂಬ ಏಸಿ ಇತ್ತು. ನಿಂಗೆ ಗೊತ್ತಿತ್ತು, ಅಲ್ವಾ?"

ದಿವ್ಯಾಳ ಕಣ್ಣು ತುಂಬಿತು. "ನೀವು ಹೋದ್ರೆ ಪ್ರಯೋಗಕ್ಕೆ ಬೇರೆ ಯಾರೂ ಇರಲಿಲ್ಲ ವೀರಮ್ಮ. ನಮ್ಮ ಇಷ್ಟು ವರ್ಷದ ಕೆಲಸ..."

"ಇದನ್ನ ಅವತ್ತು ಆ ಸಾರ್ ಮುಂದೆ ಅಂದಿದ್ರೆ ಆಗ್ತಿತ್ತು."

ಪಕ್ಕದ ಮನೆಯಲ್ಲಿ ಯಾರೋ ಮಗ್ಗಕ್ಕೆ ಕೂತರು. ವೀರಮ್ಮನ ಮುಖ ಬಿಗಿದದ್ದನ್ನು ನೋಡಿ ದಿವ್ಯಾಳ ಕೈ ತಾನಾಗಿಯೇ ಕರವಸ್ತ್ರಕ್ಕೆ ಹೋಯಿತು, ಅರ್ಧಕ್ಕೆ ನಿಂತಿತು.

"ಫೋಟೊ ಹಾಕ್ಕೋ," ಎಂದಳು ವೀರಮ್ಮ. "ಅದ್ರಲ್ಲಿ ನಾನು ನಗ್ತಿರೋದು ಸುಳ್ಳಲ್ಲ."

ಹೆಬ್ಬೆಟ್ಟಿನ ಗುರುತು ಬೇಕಿತ್ತು. ದಿವ್ಯಾ ಶಾಯಿಯ ಡಬ್ಬಿ ತೆರೆದಳು. ಬೋರಣ್ಣ ಮಾತಿಲ್ಲದೆ ಬಂದು ಹೆಂಡತಿಯ ಬಲಗೈಯನ್ನು ಎತ್ತಿ, ಹೆಬ್ಬೆರಳನ್ನು ಶಾಯಿಗೆ ಅದ್ದಿ ಹಾಳೆಯ ಮೇಲೆ ಒತ್ತಿದ. ಆಮೇಲೆ ಒದ್ದೆ ಬಟ್ಟೆ ತಂದು ಬೆರಳನ್ನು ತಿಕ್ಕಿ ತಿಕ್ಕಿ ಒರೆಸಿದ. ಅವನು ಒರೆಸುತ್ತಿರುವುದು ವೀರಮ್ಮನಿಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಉರಿಯೊಂದೇ.