ಮೂವತ್ತೊಂದು ತಲೆ

ಕನ್ನಡಿಯಲ್ಲಿ ಹಳದಿಯದೇನೋ ಅಲ್ಲಾಡಿತು, ಕೋಟೆಗೋಡೆಯ ಮೇಲಿಂದ ಯಾರೋ ಕೈ ಬೀಸುತ್ತಿದ್ದಾರೆ, ಬಸ್ಸು ಕಂಡರೆ ಕೈ ಬೀಸುವುದು ಜನರ ಚಾಳಿ, ಗೈಡೂ ಕಿಟಕಿಯಿಂದ ಕೈ ಹೊರಹಾಕಿ ನಗುತ್ತ ಬೀಸಿದ, ಹದಿನಾಲ್ಕು ವರ್ಷದ ಅಭ್ಯಾಸ, ಎಡಗಡೆ ಸಮುದ್ರ, ಬಲಗಡೆ ಬೆಟ್ಟ, ಮುಂದೆ ಸಿಗುವುದು ಸರೋವರ ಎಂದು ಮೈಕಿನಲ್ಲಿ ಬಾಯಿ ತನ್ನಷ್ಟಕ್ಕೆ ಒದರುತ್ತಿದೆ, ಒಳಗೆ ಮಾತ್ರ ಕಸಿವಿಸಿ, ಏನನ್ನೋ ಮರೆತಿದ್ದೇನೆ, ಛತ್ರಿ? ಇದೆ, ಪಟ್ಟಿ? ಜೇಬಿನಲ್ಲಿದೆ, ಕೋಟೆ ಬಿಡುವಾಗ ತಲೆ ಎಣಿಸಿದೆನಲ್ಲ, ಬೆರಳು ಮಡಚಿ ಮಡಚಿ ಮೂವತ್ತೊಂದು, ಪಟ್ಟಿಯಲ್ಲೂ ಮೂವತ್ತೊಂದು, ಒಂದು ತಲೆಯನ್ನೂ ಇವತ್ತಿನವರೆಗೆ ಬಿಟ್ಟು ಬಂದವನಲ್ಲ, ಊರಿಗೆಲ್ಲ ತೋರಿಸ್ತೀರ, ಕಟ್ಟಿಕೊಂಡವಳಿಗೆ ಯಾವಾಗ ಅಂತ ಹೆಂಡತಿ ಕೇಳೀ ಕೇಳೀ ಸಾಕಾಗಿ, ಆಯ್ತು ಕಣೆ, ಈ ಸಲ ನೀನೂ ಬಾ, ಹಿಂದಿನ ಸೀಟು ಖಾಲಿಯಿದೆ, ನಿನ್ನ ಹೆಸರು ಪಟ್ಟಿಗ್ಯಾಕೆ, ನೀನೇನು ಹೊರಗಿನವಳಾ — ಪಟ್ಟಿ, ಅಯ್ಯೋ ದೇವರೇ, ಮೂವತ್ತೆರಡು ಆಗಬೇಕಿತ್ತು, ಹಿಂದಿನ ಸೀಟಿನಲ್ಲಿ ಅವಳ ಚೀಲ, ಅರ್ಧ ಸುಲಿದ ಕಿತ್ತಳೆ, ಅವಳಿಲ್ಲ.

ಅಣ್ಣಾ, ಅತ್ತಿಗೆ ಎಲ್ಲಿ, ಡ್ರೈವರ್ ಈಗ ಕೇಳುತ್ತಾನೆ, ತಿರುಗಿಸೋ ಮಾರಾಯ, ಎಲ್ಲಿ ತಿರುಗಿಸ್ಲಿ ಅಣ್ಣಾ, ಈ ಕಡೆ ಬಂಡೆ ಆ ಕಡೆ ಕಮರಿ, ಸರೋವರದ ತನಕ ಹೋಗಲೇಬೇಕು, ಇನ್ನೂ ಏಳು ತಿರುವು, ಒಂದೊಂದು ತಿರುವಿಗೂ ಅವಳು ಇನ್ನಷ್ಟು ದೂರ, ಫೋನ್ ಮಾಡಿದರೆ ಹಿಂದಿನ ಸೀಟಿನ ಚೀಲವೇ ರಿಂಗಾಗುತ್ತದೆ, ಮೂವತ್ತೊಂದು ತಲೆಗಳೂ ಅತ್ತ ತಿರುಗಿದವು, ಯಾರೋ ಕಿಸಕ್ಕನೆ ನಕ್ಕರು, ನಗಲಿ, ಯಾವ ರಾಜ ಯಾವ ಬಾಗಿಲಿಂದ ಓಡಿದ ಅನ್ನೋದು ಬಾಯಿಪಾಠ, ಹೆಂಡತಿ ಎಲ್ಲಿ ಕೂತಿದ್ದಾಳೆ ಅನ್ನೋದು ಗೊತ್ತಿಲ್ಲ, ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಅವಳು ಸುಮ್ಮನೆ ಅನ್ನುತ್ತಿದ್ದಳೇ, ಕೋಟೆಗೋಡೆಯ ಮೇಲಿಂದ ರೀ, ಇಲ್ಲಿ ಬನ್ನಿ, ಇಬ್ಬರೂ ಎರಡು ನಿಮಿಷ ಸಮುದ್ರ ನೋಡೋಣ ಎಂದು ಕರೆದಿದ್ದಳು, ಇರೇ, ಇವರನ್ನೆಲ್ಲ ಬಸ್ ಹತ್ತಿಸಿ ಬರ್ತೀನಿ ಅಂದವನು ತಾನು, ಕಾಯುತ್ತಲೇ ಇದ್ದಳೇನೋ ಪಾಪ, ಮೊಣಕಾಲೆತ್ತರದ ಗೋಡೆ, ಆಚೆ ಬರೀ ಗಾಳಿ, ಈಗ ಹೋಗಿ ಏನಂತ ಹೇಳಲಿ, ಎಣಿಕೆ ಸರಿಯಾಗೇ ಇತ್ತು ಕಣೆ ಅಂತಲೇ, ಐದನೇ ತಿರುವು, ಕಮರಿಯಾಚೆ ಕೋಟೆ ಮತ್ತೆ ಕಂಡಿತು, ಬೆರಳುದ್ದದ ಕೋಟೆ, ಅದರ ಮೇಲೊಂದು ಹಳದಿ ಚುಕ್ಕೆ, ಮೊನ್ನೆ ಬಟ್ಟೆ ಅಂಗಡಿಯಲ್ಲಿ ಇದೇನೇ ಇಷ್ಟು ಗಾಢ ಹಳದಿ ಶಾಲು ಅಂದದ್ದಕ್ಕೆ, ಗುಂಪಲ್ಲಿ ನಿಮ್ಮ ಕಣ್ಣಿಗೆ ಬೀಳಲಿ ಅಂತ ರೀ ಎಂದಿದ್ದಳು, ಹಳದಿ, ಕನ್ನಡಿಯಲ್ಲಿ ಎರಡೂ ಕೈಯೆತ್ತಿ ಬೀಸುತ್ತಿದ್ದ ಹಳದಿ, ಕಣ್ಣಿಗೆ ಬಿದ್ದಿತ್ತು, ಚೆನ್ನಾಗಿಯೇ ಬಿದ್ದಿತ್ತು, ಅವನು ನಗುತ್ತ ಕೈ ಬೀಸಿದ್ದ