ಬೇವಿನಗೇರಿ ಸ್ಟೇಷನ್ನಿನ ಒಂದೇ ಹರವಿ

ದಿನಾ ಯಾದಗಿರಿಗೆ ಕೆಲಸಕ್ಕೆ ಹೋಗುವ ನಮಗೆ ಬೇವಿನಗೇರಿ ಸ್ಟೇಷನ್ ಎಂದರೆ ಮೊದಲು ನೆನಪಾಗುವುದು ನೀರು ಕೊಡುವ ಅನ್ವರಬಿಯ ಮಣ್ಣಿನ ಹರವಿ. ರೈಲು ಬರುವ ಮೊದಲೇ ಬಿಸ್ಮಿಲ್ಲಾ ಎಂದು ನೀರು ತುಂಬಿ, ಒದ್ದೆ ಅರಿವೆ ಸುತ್ತಿಟ್ಟಿರುತ್ತಾಳೆ. ಚೀಲದಲ್ಲಿ ಬಾಟಲಿ ಇದ್ದವರೂ ಆ ತಣ್ಣನೆಯ ತಂಬಿಗೆಗೆ ಕೈಚಾಚುತ್ತಾರೆ.

ನಿಜಾಮರ ಕಾಲದಲ್ಲಿ ಇಲ್ಲಿ ಎರಡು ಕಟ್ಟೆ, ಎರಡು ಹರವಿ ಇದ್ದವಂತೆ. ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು. ಊರ ಹೊರಗಿನ ಕೇರಿಯವರಿಗೆ ಯಾವುದೂ ಇಲ್ಲ. ದೂರ ನಿಂತು ಬೊಗಸೆಯೊಡ್ಡಬೇಕು. ನೀರು ಕೊಡುತ್ತಿದ್ದವನು ಅನ್ವರಬಿಯ ಅಜ್ಜ ಮೌಲಾಲಿ. ಒಂದು ಬೇಸಿಗೆ, ರೈಲು ಬಂದು ನಿಂತ ಹೊತ್ತಿಗೇ ಒಂದು ಹರವಿ ಒಡೆಯಿತು. ಮೌಲಾಲಿ ಉಳಿದ ಹರವಿಯ ತಂಬಿಗೆಯನ್ನು ಎಲ್ಲರ ಕೈಗೂ ಕೊಟ್ಟ. ಗೊಣಗುವವರು ಗೊಣಗಿದರು, ಬಾಯಾರಿದವರು ಕುಡಿದರು. ಮರುದಿನ ಕುಂಬಾರ ಹೊಸ ಹರವಿ ತಂದರೆ ಮೌಲಾಲಿ ಬೇಡವೆಂದ. ಖಾಲಿ ಕಟ್ಟೆಯನ್ನೂ ಕಿತ್ತುಹಾಕಿದ.

ಈ ವರ್ಷ ಸ್ಟೇಷನ್ ಹೊಸದಾಗುವಾಗ ಗುತ್ತಿಗೆದಾರ ನಿಜಾಮರ ಕಾಲದ ಒಂದು ಹಳೆಯ ಫೋಟೊ ಕೊಟ್ಟು, ಹೀಗೇ ಆಗಲಿ ಎಂದಿದ್ದ. ಪರವೂರಿನ ಕಲ್ಲುಕುಟಿಗ ಅಂಬ್ರಪ್ಪ ಪೂಜೆಯಂತೆ ಕೆಲಸ ಮಾಡಿದ. ಕಮಾನು ಎದ್ದಿತು, ಬೆಂಚು ಬಂತು, ನೀರಿನ ಕಟ್ಟೆಗಳೂ ಎರಡಾದವು.

ಅನ್ವರಬಿ ಅಂದು ಹರವಿಯನ್ನು ನೆಲದ ಮೇಲೇ ಇಟ್ಟಳು.

“ಯಾಕ್ರಿ ಚಾಚಿ, ಕಟ್ಟಿ ಸರಿ ಆಗಿಲ್ಲೇನ್ರಿ?” ಅಂಬ್ರಪ್ಪನ ಮುಖ ಬಾಡಿತು.

“ಭಾಳ ಚಂದ ಆಗ್ಯಾವಪ್ಪಾ. ಅದಕ್ಕೇ ಅಂಜಿಕಿ. ಖಾಲಿ ಕಟ್ಟಿ ಕಂಡ್ರ ನಾಳಿ ಯಾರರೆ ಇನ್ನೊಂದು ಹರವಿ ತಂದಿಡ್ತಾರ. ನಾಡಿದ್ದು, ಯಾವುದು ಯಾರದು ಅಂತ ಕೇಳ್ತಾರ.”

ಅಜ್ಜನ ಕಥೆಯನ್ನು ಅವಳು ಹೇಳಿದಳು. ಪಕ್ಕದಲ್ಲಿ ರೈಲಿಗೆ ಕಾದಿದ್ದ ಬುದ್ಧಪ್ರಿಯ ಮಾಸ್ತರು ನಕ್ಕರು. ಅವರ ಅಜ್ಜ ಆ ಹೊರಗಿನ ಕೇರಿಯವರು.

“ಫೋಟೊದಾಗ ಇದ್ದಂಗ ಮಾಡ್ಬೇಕಂದ್ರ ನನ್ನೂ ಆ ಕಡಿ ದೂರ ನಿಂದರಸಬೇಕಲ್ಲೋ, ಅಂಬ್ರಪ್ಪ.”

ಅಂಬ್ರಪ್ಪ ಒಡೆದು ಹಾಕಲು ಸುತ್ತಿಗೆ ತಂದ. ತಾನೇ ಕೆತ್ತಿದ ಕಲ್ಲಿನ ಮೇಲೆ ಕೈಯಾಡಿಸಿದ. ಆಮೇಲೆ ಉಳಿ ತೆಗೆದುಕೊಂಡು ಎರಡನೆಯ ಕಟ್ಟೆಯ ನೆತ್ತಿಯನ್ನು ಕೊರೆಯತೊಡಗಿದ. ಸಂಜೆ ನಾವು ಮರಳಿ ಬಂದಾಗ ಅಲ್ಲಿ ಹರವಿ ಕೂರುವ ಜಾಗವೇ ಇರಲಿಲ್ಲ. ಅಗಲವಾದ ಬಟ್ಟಲಿನಂಥ ಗುಳಿಯಿತ್ತು.

ಮರುದಿನ ಅನ್ವರಬಿ ತನ್ನ ಹರವಿಯನ್ನು ಮೊದಲ ಕಟ್ಟೆಗೇರಿಸಿದಳು. ಮಾಸ್ತರು ಮೊದಲ ತಂಬಿಗೆಯನ್ನು ತಾವು ಕುಡಿಯದೆ ಆ ಗುಳಿಗೆ ಸುರಿದರು. ಬೇವಿನ ಮರದಿಂದ ಗುಬ್ಬಿಯೊಂದು ಇಳಿದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಕೊಕ್ಕು ಅದ್ದಿತು.