ವಿರೂಪಾಕ್ಷನ ಬರಿಗೊರಳು

ಬಡಿಯಿತು ನೋಡು ತಲೆ ಬಾಗಿಲಿಗೆ, ಬಗ್ಗು ಅನ್ನುವಷ್ಟರಲ್ಲೇ ಬಡಿಯಿತು, ಭೂಕಂಪವಾದ ಮೇಲೆ ಸರಕಾರ ಕಟ್ಟಿಕೊಟ್ಟ ಮನೆ, ಬೆಲ್ಜಿಯಂನಿಂದ ಬಾಸ್ಕೆಟ್‌ಬಾಲ್ ಆಡುವ ತಮ್ಮ ಇಷ್ಟುದ್ದ ಬೆಳೆದು ಬರುತ್ತಾನೆಂದು ಯಾವ ಗೌಂಡಿ ಅಂದುಕೊಂಡಿದ್ದ, ಹಣೆ ಉಜ್ಜಿಕೊಂಡು ನಗುತ್ತಾನೆ, ನಗಬ್ಯಾಡೋ ವಿರೂಪಾಕ್ಷ, ಒಳಗೆ ಹೊರಸಿನ ಮೇಲೆ ಅಜ್ಜಿ ಕೂತಿದ್ದಾಳೆ, ಕಣ್ಣು ಹೋದರೂ ಕೈಗೆ ಎಲ್ಲ ಕಾಣುತ್ತದೆ, ಆ ಕೈ ಈಗ ನಿನ್ನ ಕೊರಳಿಗೆ ಬರುತ್ತದೆ, ಅಲ್ಲಿ ಲಿಂಗವಿಲ್ಲ. ಇಲ್ಲವೆಂದು ನನಗೇ ಗೊತ್ತಾದದ್ದು ಈಗ, ಉಮರಗಾ ಸ್ಟ್ಯಾಂಡಿನಿಂದ ಜೀಪಿನಲ್ಲಿ ಬರುವಾಗ, ಇವನ ಇಂಗ್ಲಿಷನ್ನು ನನ್ನ ಮಗಳು ಸ್ವಪ್ನಾಲಿ ಬಿಡಿಸಿ ಹೇಳಿದಳು — ಆಡುವಾಗ ಕೊರಳಾಗ ಏನೂ ಇರಬಾರದಂತವ್ವಾ, ಅದಕ್ಕೇ ಮಣಿಕಟ್ಟಿನ ಪಟ್ಟಿಯೊಳಗೆ ಮುಚ್ಚಿಟ್ಟುಕೊಂಡು ಆಡುತ್ತಿದ್ದನಂತೆ, ರೆಫ್ರಿ ಅದನ್ನೂ ಬೇಡವೆಂದಾಗ ಬಿಚ್ಚಿ ಚೀಲದಲ್ಲಿಟ್ಟ, ಗೆದ್ದು ಬಂದು ನೋಡಿದರೆ ಚೀಲವೇ ಇಲ್ಲ. ಮೀಸೆ ಮೂಡದ ವಯಸ್ಸಿನಲ್ಲಿ ಕಳೆದದ್ದು, ಆಮೇಲೆ ಜರ್ಮನಿ, ಸ್ಪೇನ್, ಪೇಪರಿನಲ್ಲಿ ಫೋಟೋ, ಮಂಡಿಗೆ ಎರಡು ಸಲ ಆಪರೇಶನ್, ಸಾಕು ಬಿಡು ಆಟ ಅಂತ ಡಾಕ್ಟರು ಹೇಳಿದ ಮೇಲೆ ಇಲ್ಲಿಗೆ ಬಂದಿದ್ದಾನೆ. ಫೋನಿನಲ್ಲಿ ಅಜ್ಜಿ ಕೇಳುತ್ತಿದ್ದದ್ದು ಒಂದೇ, ಲಿಂಗ ಅದ ಇಲ್ಲೋ, ಕನ್ನಡ ಮರೆತ ಈ ಕೋಣ ಎಲ್ಲದಕ್ಕೂ ಹೂಂ ಹೂಂ. ಉಮರಗಾಕ್ಕೆ ತಿರುಗಿ ಹೋಗಿ ಹೊಸದೊಂದು ಕೊಂಡು ಹಾಕೋಣವೇ ಅಂತ ಸ್ವಪ್ನಾಲಿ ಕೇಳಿದಳು, ಜಂಗಮರ ಕೈಯಿಂದ ಬರದದ್ದು ಲಿಂಗವೇನೇ ಅಂತ ಬೈದೆ, ಇವನೂ ಅಜ್ಜಿಗೆ ಸುಳ್ಳು ಬೇಡ ಅಂದ, ಈಗ ಅನಿಸುತ್ತದೆ, ಬೈಯಬಾರದಿತ್ತು, ಕೊಳ್ಳಬೇಕಿತ್ತು. ಆ ಭೂಕಂಪದಲ್ಲಿ ಅಪ್ಪ ಅವ್ವ ಕಲ್ಲಿನಡಿ ಹೋದರು, ಇವನ ಕಾಲು ಜಜ್ಜಿತ್ತು, ಕತ್ತರಿಸಬೇಕೆಂದರು, ಪರಿಹಾರಕ್ಕೆ ಬಂದಿದ್ದ ಆ ಬೆಲ್ಜಿಯಂ ಗಂಡಹೆಂಡತಿ ನಮಗೆ ಮಗನಾಗಿ ಕೊಡಿರಿ, ಕಾಲು ಉಳಿಸುತ್ತೇವೆ ಅಂದರು, ಅಜ್ಜಿ ನೀರು ಸಹ ಬಿಟ್ಟು ಕೂತಳು, ಕೊನೆಗೆ ಕೊಟ್ಟಳು, ಲಿಂಗದ ಬೆಳ್ಳಿ ಕರಡಿಗೆಯ ದಾರವನ್ನು ಇವನ ಕೊರಳಿಗೆ ಬಿಗಿಯಾಗಿ ಕಟ್ಟಿ ಅಂದಳು, ಇದು ಇರೋತನಾ ನೀ ನಮ್ಮಾಂವ. ಇರೋತನಾ. ಕೊರಳಲ್ಲಿ ಲಿಂಗವಿಲ್ಲದವರ ಕೈಯ ನೀರು ಮುಟ್ಟದ ಹೆಂಗಸು ಇವಳು, ಇವನನ್ನು ಹೊಸ್ತಿಲಾಚೆ ಕೂಡಿಸಿದರೆ ನಾನು ಯಾವ ಮುಖದಿಂದ ತಾಟು ಹೊರಗೆ ಒಯ್ಯಲಿ.

ಮಂಡಿಯೂರುತ್ತಾನೆ, ಅದೇ ಕಾಲು, ಎಲುಬು ಲಟಕ್ಕೆನ್ನುತ್ತದೆ, ಅಜ್ಜಿಯ ಕೈ ಕೂದಲ ಮೇಲೆ, ಕಿವಿ, ಗಡ್ಡ, ಎಷ್ಟ್ ಎತ್ತರ ಆಗಿದ್ಯೋ ಅನ್ನುತ್ತಾಳೆ, ಇವನು ಹೂಂ ಅನ್ನುತ್ತಾನೆ, ಇನ್ನು ಕೊರಳು — ದಾರ ಹುಡುಕುತ್ತದೆ, ಈ ಕಡೆ, ಆ ಕಡೆ, ಬೆರಳು ನಿಂತವು, ಕಳೆದದ್ದು ಅಜ್ಜೀ, ಬಿಟ್ಟದ್ದಲ್ಲ ಅಂತ ಹೇಳಬೇಕು ನಾನು, ಅಷ್ಟರಲ್ಲಿ ಕೈ ಕೆಳಗಿಳಿಯಿತು, ಅಂಗಿಯೊಳಗೆ, ಬರಿ ಎದೆಯ ಮೇಲೆ ಅಂಗೈ ಅಗಲಿಸಿ ಇಟ್ಟಳು, ಇಂಥ ಅಂಗೈ ನಾನು ಕಂಡಿದ್ದೇನೆ, ಆ ನಸುಕಿನಲ್ಲಿ, ಮಣ್ಣಿನೊಳಗಿಂದ ಒಬ್ಬೊಬ್ಬರನ್ನೇ ಎಳೆದು ಮಲಗಿಸಿದಾಗ, ಅಪ್ಪನ ಎದೆಯ ಮೇಲೆ ಇಟ್ಟಳು, ತೆಗೆದಳು, ಅವ್ವನ ಎದೆಯ ಮೇಲೆ ಇಟ್ಟಳು, ತೆಗೆದಳು, ಇವನ ಎದೆಯ ಮೇಲೆ ಇಟ್ಟಳು, ಬಡಿತ ಸಿಕ್ಕಿತು, ತೆಗೆಯಲಿಲ್ಲ, ಈಗಲೂ ತೆಗೆಯುತ್ತಿಲ್ಲ, ಕೈ, ಎದೆಯ ಮೇಲೆ, ತೆಗೆಯುತ್ತಿಲ್ಲ —